ಕೋಮೊ ಹಳ್ಳದಲ್ಲಿ ನಮ್ಮೂರ ನೇರಳೆ

ಮೊಳಕಾಲ್ಮುರು

ಇಟಲಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಕೇಳೋದು ವಿಮಾನದಲ್ಲಿ ಹೆದರಿಕೆ ಆಯಿತಾ ಅಂತ. ಆಯಿತು. ಆದರೆ ನನಗೆ ಹೆದರಿಕೆ ಆಗದ ಜಾಗ ಯಾವುದಿದೆ ಹೇಳಿ. ಬಸ್ಸು ಹಿಂದಕ್ಕೆ ತೆಗೆಯುವಾಗ ಹೆದರುತ್ತೇನೆ, ಕುಕ್ಕರ್ ಕೂಗುವ ಮುಂಚೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎದೆ ಡವಡವ ಅನ್ನುತ್ತೆ. ಇಂಥ ಪುಕ್ಕಲಿಯನ್ನು ಹಿಡಿದು ಅಷ್ಟು ದೂರ ಕಳಿಸಿದರಲ್ಲ, ನಮ್ಮ ಬೀದಿಯವರ ಧೈರ್ಯ ಮೆಚ್ಚಬೇಕು.

ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ, ಜೊತೆಗೆ ನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಬೀದಿಯ ಉದ್ದಕ್ಕೂ ಗೋಡೆಗೆ ಗೋಡೆ ಅಂಟಿಕೊಂಡ ಬಣ್ಣದ ಮನೆಗಳೇ. ಎಲ್ಲರ ನೀರೂ ಒಂದೇ ಮೋರಿಗೆ, ಮೋರಿ ಊರಾಚೆಯ ಹಳ್ಳಕ್ಕೆ. ಬೀದಿಯ ತಲೆಯಲ್ಲಿರೋದು ಓಬಣ್ಣನ ಮನೆ, ಅಲ್ಲಿ ಮೋರಿ ಗುಲಾಬಿ. ಎರಡನೇದು ನಮ್ಮದು, ನೇರಳೆ ಸೇರಿಕೊಳ್ಳುತ್ತೆ. ಮೂರನೇದು ಮಾಬುಸಾಬಿಯದು, ಗಿಳಿಹಸಿರು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಎಲ್ಲಾ ಸೇರಿ ಕಪ್ಪು. ಆ ಕಪ್ಪು ಯಾರದು ಅಂತ ಕೇಳಿದರೆ ಯಾರು ಹೇಳಬೇಕು? ಅದೇ ನಮ್ಮ ನೆಮ್ಮದಿಯಾಗಿತ್ತು.

ಪೊಲ್ಯೂಷನ್‌ನವರ ಜೀಪು ರಸ್ತೆಗೆ ಇಳಿದರೆ ಸಾಕು, ಕ್ರಾಸಿನ ಹೋಟೆಲ್ಲಿನಿಂದ ಓಬಣ್ಣನಿಗೆ ಫೋನು ಬರುತ್ತೆ. ಅವನು ನಮ್ಮಿಬ್ಬರ ನಡುವಿನ ಗೋಡೆಗೆ ಮೂರು ಸಲ ಗುದ್ದುತ್ತಾನೆ. ನಾನು ಮಾಬುಸಾಬಿಯ ಗೋಡೆಗೆ ಗುದ್ದುತ್ತೇನೆ. ಅವನು ನಾಲ್ಕನೇ ಮನೆಗೆ. ಹಂಗೇ ಬೀದಿ ಕೊನೆವರೆಗೂ ಹೋಗುತ್ತೆ. ಗುದ್ದು ಕೇಳಿದವರು ತೊಟ್ಟಿಯ ತೂತಿಗೆ ತುರುಕಿದ ಚಿಂದಿ ಕಿತ್ತು ಇದ್ದಬದ್ದ ಬಣ್ಣವನ್ನೆಲ್ಲ ಮೋರಿಗೆ ಬಿಟ್ಟುಬಿಡುತ್ತಾರೆ. ಜೀಪು ಬರುವಷ್ಟರಲ್ಲಿ ತೊಟ್ಟಿ ಖಾಲಿ, ಒಲೆ ತಣ್ಣಗೆ, ಮೋರಿ ಕಪ್ಪು. ಸಾಹೇಬರು ಕೇಳುತ್ತಾರೆ, ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಜೀಪು ಬಂದ ದಿನವೇ ಹಳ್ಳಕ್ಕೆ ಹೆಚ್ಚು ಬಣ್ಣ ಹೋಗುತ್ತಿತ್ತು ಅನ್ನೋದು ಯಾರ ತಲೆಗೂ ಹೊಳೆದಿರಲಿಲ್ಲ, ಹೊಳೆದವರು ಹೇಳಿರಲಿಲ್ಲ.

ಈ ಸಲದ ನೋಟಿಸು ಬೇರೆ ಥರ ಇತ್ತು. ಇಡೀ ಬೀದಿ ಸೇರಿ ನೀರು ಶುದ್ಧ ಮಾಡುವ ಒಂದೇ ದೊಡ್ಡ ತೊಟ್ಟಿ ಕಟ್ಟಿಕೊಳ್ಳಬೇಕು, ಅದಕ್ಕೆ ಪ್ರತಿ ಮನೆಯೂ ಒಪ್ಪಿ ಸಹಿ ಹಾಕಬೇಕು. ಒಂದು ಮನೆ ಹಿಂದೆ ಸರಿದರೂ ಎಲ್ಲಾ ಮನೆಗೂ ಬೀಗ. ನಾನು ಆ ಬೀಗ ಕನಸಿನಲ್ಲಿ ಕಂಡು ಎದ್ದು ಕೂತಿದ್ದೇನೆ.

ಅದೇ ಹೊತ್ತಿಗೆ ಬಣ್ಣದವರನ್ನು ಇಟಲಿಯ ಕೋಮೊ ಅನ್ನೋ ಊರಿಗೆ ಕರೆದುಕೊಂಡು ಹೋಗಿ ಇಂಥ ತೊಟ್ಟಿ ತೋರಿಸುವ ಸರ್ಕಾರದ ತರಬೇತಿ ಬಂತು. ನಮ್ಮೂರಿಗೆ ಎರಡು ಜಾಗ. ಬೀದಿಯವರು ಕೂತು ನನ್ನನ್ನೂ ಓಬಣ್ಣನನ್ನೂ ಆರಿಸಿದರು. ನಾವಿಬ್ಬರೂ ಬುದ್ಧಿವಂತರು ಅಂತಲ್ಲ. ಅವನ ಒಲೆಯ ಮಸಿ ನನ್ನ ಬಿಳಿ ನೂಲಿನ ಮೇಲೆ ಕೂತ ಜಗಳದಿಂದ ನಮಗಿಬ್ಬರಿಗೂ ವರ್ಷಗಟ್ಟಲೆ ಮಾತಿಲ್ಲ, ಗೋಡೆ ಗುದ್ದೋದೊಂದು ಬಿಟ್ಟು. ಮಾಬುಸಾಬಿ ನಗುತ್ತಲೇ ಹೇಳಿದ: "ಇವರಿಬ್ಬರೂ ಒಂದೇ ಮಾತು ಹೇಳಿದ್ರೆ ಅದು ಪಕ್ಕಾ ಸಚ್ ಇರ್ತೈತೆ."

ಚಳ್ಳಕೆರೆ

ಚಳ್ಳಕೆರೆ ನನ್ನ ತವರು. ಅಣ್ಣ ಕಾರಿನಲ್ಲಿ ಬೆಂಗಳೂರಿಗೆ ಬಿಡುತ್ತೇನೆ ಅಂದಿದ್ದರಿಂದ ಹಿಂದಿನ ದಿನವೇ ಅಲ್ಲಿಗೆ ಹೋದೆ. ಅಪ್ಪನ ಕಾಲದಲ್ಲಿ ನಮ್ಮದು ಎಣ್ಣೆ ಮಿಲ್ಲು. ಒಂದೇ ರಸ್ತೆಗೆ ಸಾಲಾಗಿ ಮಿಲ್ಲುಗಳು, ಊರೆಲ್ಲ ಶೇಂಗಾ ಹಿಂಡಿ ವಾಸನೆ. ಹೊಗೆ ಜಾಸ್ತಿ ಆಯಿತು ಅಂತ ಒಮ್ಮೆ ನೋಟಿಸು ಬಂದಾಗ ಮಿಲ್ಲಿನವರೆಲ್ಲ ಒಟ್ಟಿಗೆ ಹೋಗಿ ಕಚೇರಿ ಮುಂದೆ ನಿಂತಿದ್ದರು. ಬೀಗ ಹಾಕೋದಾದ್ರೆ ಎಲ್ಲರಿಗೂ ಹಾಕಿ, ಊರು ಉಪವಾಸ ಬೀಳ್ಲಿ ಅಂದಿದ್ದರು. ಯಾರಿಗೂ ಬೀಗ ಬೀಳಲಿಲ್ಲ. ಯಾರ ಚಿಮಣಿಯೂ ಬದಲಾಗಲಿಲ್ಲ. ಅಪ್ಪ ಅದನ್ನು ಹಬ್ಬದ ಊಟಕ್ಕೆ ಕೂತಾಗಲೆಲ್ಲ ಹೇಳೋರು. ಊರಿನ ಹೊರಗೆ ಒಂಟಿಯಾಗಿ ಒಂದು ಮಿಲ್ಲಿತ್ತು. ಅದು ಮಾತ್ರ ಚಿಮಣಿ ಎತ್ತರ ಮಾಡಿಸಿ, ಆ ಭಾರಕ್ಕೇ ಮುಚ್ಚಿಹೋಯಿತು. ಅದನ್ನು ಅಪ್ಪ ಹೇಳುತ್ತಿರಲಿಲ್ಲ.

ಅವ್ವ ನನ್ನ ಬುತ್ತಿಗೆ ಶೇಂಗಾ ಚಟ್ನಿಪುಡಿ ಕಟ್ಟುತ್ತಾ, "ಎಲ್ಲೇ ಹೋದ್ರೂ ಗುಂಪಿನ ನಡುವೆ ನಿಂತ್ಕೋ ಮಗಳೇ. ಮುಂದೂ ನಿಲ್ಬೇಡ, ಹಿಂದೂ ನಿಲ್ಬೇಡ" ಅಂದಳು. ನನ್ನ ಜೀವನದ ಓದೆಲ್ಲ ಅಷ್ಟೇ ಅಂತ ಅನ್ನಿಸಿತು.

ಬೆಳಿಗ್ಗೆ ಓಬಣ್ಣ ಬಸ್ಸಿಳಿದು ಬಂದ. ದಾರಿಯಲ್ಲಿ, ಸರ್ಕಾರದವರು ಹುಲ್ಲುಗಾವಲಿಗೆ ಹಾಕಿದ ಕುದಾಪುರದ ಉದ್ದನೆ ಕಾಂಪೌಂಡು ನೋಡಿಕೊಂಡು ಬಂದಿದ್ದನಂತೆ. ಅವರ ಚಿಕ್ಕಪ್ಪ ಆ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರು. ಅಣ್ಣನಿಗೆ ಅದನ್ನೆಲ್ಲ ಹೇಳಿದ, ನನ್ನ ಕಡೆ ನೋಡಲಿಲ್ಲ. ಬೆಂಗಳೂರು ಮುಟ್ಟುವವರೆಗೂ ಅವನು ಮುಂದಿನ ಸೀಟು, ನಾನು ಹಿಂದಿನ ಸೀಟು, ಮಾತು ಅಣ್ಣನೊಬ್ಬನದೇ.

ವಿಮಾನ ನಿಲ್ದಾಣ

ನನ್ನ ಕೊರಳಲ್ಲಿ ಬೆಳ್ಳಿ ಕರಡಿಗೆ ಇದೆ, ಅದರೊಳಗೆ ಇಷ್ಟಲಿಂಗ. ಮೈಮೇಲಿಂದ ಅದನ್ನು ಬೇರೆ ಮಾಡೋದಿಲ್ಲ, ಮಲಗುವಾಗಲೂ. ತಪಾಸಣೆಯ ಹೆಣ್ಣುಮಗಳ ಕೈಯಲ್ಲಿದ್ದ ಕೋಲು ಅದರ ಹತ್ತಿರ ಬಂದದ್ದೇ ಕೀ ಅಂತ ಕಿರುಚಿತು. ತೆಗೆದು ಟ್ರೇಗೆ ಹಾಕಿ ಅಂದಳು. ಎರಡೂ ಕೈಯಲ್ಲಿ ಕರಡಿಗೆ ಮುಚ್ಚಿಕೊಂಡು ನಿಂತೆ. ಹಿಂದೆ ಜನ ಸೇರುತ್ತಿದ್ದರು, ಯಾರೋ ಥೂ ಲೇಟಾಯ್ತು ಅಂದರು.

ಆಗ ಆ ಕಡೆ ಸಾಲಿನಿಂದ ಓಬಣ್ಣ ಕೂಗಿದ: "ಅದು ಅಕ್ಕನ ದೇವ್ರು ಮೇಡಂ, ತೆಗೆಯಂಗಿಲ್ಲ. ಬೇಕಾದ್ರೆ ಪರದೆ ಹಿಂದೆ ಕರ್ಕೊಂಡು ಹೋಗಿ ನೋಡ್ರಿ, ಕೊರಳಾಗೇ ಇರ್ಲಿ." ಪರದೆ ಹಿಂದೆ ಕರೆದುಕೊಂಡು ಹೋದರು, ಮುಟ್ಟಿ ನೋಡಿದರು, ಬಿಟ್ಟರು. ವರ್ಷಗಳ ಮೇಲೆ ಅವನ ಬಾಯಿಂದ ನನ್ನ ಬಗ್ಗೆ ಬಂದ ಮೊದಲ ಮಾತು ಅದು. ನಾನು ಹೊರಗೆ ಬಂದು ಬೆಲ್ಟು ಕಟ್ಟಿಕೊಳ್ಳುತ್ತಿದ್ದ ಅವನಿಗೆ, "ಚಟ್ನಿಪುಡಿ ತಂದೀನಿ, ರೊಟ್ಟಿ ಜೊತೆ ತಿಂತೀಯಾ ಓಬಣ್ಣ" ಅಂದೆ. ತಿಂದ. ಮಸಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಕೋಮೊ

ದೊಡ್ಡ ಕೆರೆ, ಅದರ ಸುತ್ತ ಬೆಟ್ಟ. ನಮ್ಮ ಜಟಿಂಗ ರಾಮೇಶ್ವರದ ಬೆಟ್ಟ ಬರೀ ಬಂಡೆ, ಬಿಸಿಲಿಗೆ ಕಾದು ಕೂತಿರುತ್ತೆ. ಇಲ್ಲಿ ಬೆಟ್ಟಕ್ಕೆ ಕುತ್ತಿಗೆವರೆಗೂ ಹಸಿರು. ಚೆಂದವೇ. ಆದರೆ ಆ ಊರಿನಲ್ಲಿ ಸದ್ದಿಲ್ಲದಿರೋದು ನನ್ನ ಜೀವ ಹಿಂಡಿತು. ಬೀದಿಯಲ್ಲಿ ಜನ ಇಲ್ಲ, ನಾಯಿ ಇದ್ದರೂ ಬೊಗಳುವುದಿಲ್ಲ. ಏನೋ ಆಗಿಹೋಗಿದೆ, ನಮಗಿಬ್ಬರಿಗೇ ಗೊತ್ತಿಲ್ಲ ಅನ್ನೋ ಹಾಗೆ.

ಕಾಫಿಯನ್ನು ನಿಂತುಕೊಂಡೇ ಒಂದು ಗುಟುಕಿಗೆ ಸುರಿದುಕೊಂಡು ಹೋಗುತ್ತಾರೆ. ಕೂತು ಕುಡಿಯುತ್ತಿದ್ದ ನಮ್ಮನ್ನು ಕಾಯಿಲೆಯವರನ್ನು ನೋಡಿದಂತೆ ನೋಡಿದರು. ಹೋಟೆಲ್ಲಿನ ಬಚ್ಚಲಲ್ಲಿ ಮೇಲಿಂದ ಒಂದು ದಾರ ಇಳಿಬಿಟ್ಟಿತ್ತು. ಓಬಣ್ಣ ಬಿಸಿನೀರಿನ ಸ್ವಿಚ್ಚು ಅಂದುಕೊಂಡು ಅದನ್ನು ಎಳೆದಿದ್ದಾನೆ. ಅದು ಬಚ್ಚಲಲ್ಲಿ ಬಿದ್ದವರು ಸಹಾಯಕ್ಕೆ ಎಳೆಯುವ ಗಂಟೆಯ ದಾರ. ಕೆಳಗಿನಿಂದ ಮೂವರು ಓಡಿಬಂದು ಬಾಗಿಲು ತೆಗೆದರೆ ಇವನು ಟವೆಲ್ ಸುತ್ತಿಕೊಂಡು, "ದೇವುಡಾ, ನೇನೇಮಿ ಚೇಶಾನು" ಅಂತ ತೆಲುಗಿನಲ್ಲಿ, ದೇವರೇ ನಾನೇನು ಮಾಡಿದೆ ಅಂತ ಗೋಗರೆಯುತ್ತಿದ್ದಾನೆ. ನಾನು ನಕ್ಕೆ, ಆದರೆ ಆಮೇಲೆ ಮೂರು ದಿನ ನನ್ನ ಬಚ್ಚಲಲ್ಲಿ ಕಂಡಿದ್ದು ಯಾವುದನ್ನೂ ಮುಟ್ಟಲಿಲ್ಲ, ತಣ್ಣೀರಲ್ಲೇ ಸ್ನಾನ.

ನಮ್ಮನ್ನು ಹಂಚಿ ಹಾಕಿದ್ದು ಕಾರ್ಲಾ ಅನ್ನುವ ಮುದುಕಿಯ ಬಣ್ಣದ ಮನೆಗೆ. ಬೆಳ್ಳಗಿನ ಗಿಡ್ಡ ಕೂದಲು, ನೋಡಿದರೆ ಬಯ್ಯುತ್ತಿದ್ದಾಳೆ ಅನ್ನಿಸುವ ಮುಖ. ಅವಳ ಹತ್ತಿರ ಕೆಲಸ ಮಾಡುವ ಪಂಜಾಬಿನ ಜಸ್ಬೀರ್ ನಮಗೂ ಅವಳಿಗೂ ನಡುವೆ ಮಾತು ದಾಟಿಸುವವಳು. ನನ್ನ ಹಿಂದಿ ಮಾಬುಸಾಬಿಯ ಮನೆಯವರಿಂದ ಕಲಿತದ್ದು. ಜಸ್ಬೀರಿಗೆ ಅದು ಹಿಂದಿ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ಮನೆಯಿಂದ ಬೇಳೆಸಾರು ತಂದುಕೊಟ್ಟಳು, ಆ ಪುಣ್ಯಾತ್ಗಿತ್ತಿ.

ಕಾರ್ಲಾಳ ಮನೆಯ ಹಿಂದೆ ಸಣ್ಣ ಹಳ್ಳ, ಹಳ್ಳದ ದಂಡೆಗೆ ಸಾಲಾಗಿ ಬಣ್ಣದ ಮನೆಗಳು. ಥೇಟ್ ನಮ್ಮ ಬೀದಿ. ಒಂದೇ ವ್ಯತ್ಯಾಸ, ಹಳ್ಳದ ನೀರಿನ ತಳದ ಕಲ್ಲು ಕಾಣುತ್ತಿತ್ತು. ಹಿಂದೆ ಹಿಂಗಿರಲಿಲ್ಲ ಅಂತ ಕಾರ್ಲಾ ಹೇಳಿಸಿದಳು. ಅವಳು ಚಿಕ್ಕವಳಾಗಿದ್ದಾಗ ಮೇಲಿನವರು ಬಿಟ್ಟ ಬಣ್ಣಕ್ಕೆ ಕೆಳಗಿನವರ ಬಿಳಿ ನೂಲು ಹಾಳಾಗಿ ದಿನಾ ಜಗಳವಂತೆ. ಓಬಣ್ಣ ನನ್ನ ಕಡೆ ನೋಡಿದ, ನಾನು ಹಳ್ಳದ ಕಡೆ ನೋಡಿದೆ.

ದೊಡ್ಡ ತೊಟ್ಟಿ

ನಾವು ನೋಡಲು ಹೋದ ತೊಟ್ಟಿ ಇದು. ಆ ಸಾಲಿನ ಎಲ್ಲರ ನೀರೂ ನೆಲದೊಳಗಿನ ಕೊಳವೆಯಲ್ಲಿ ಇಲ್ಲಿಗೆ ಬರುತ್ತೆ. ಕಂದು ಬಣ್ಣದ ನೊರೆ ಕುದಿಯುತ್ತಿರುತ್ತೆ. ಅದರೊಳಗೆ ಕಣ್ಣಿಗೆ ಕಾಣದ ಹುಳುಗಳಿವೆಯಂತೆ, ಬಣ್ಣದ ನೀರಿನ ಕೊಳೆಯನ್ನು ಅವೇ ತಿಂದು ಹಾಕುತ್ತವಂತೆ. ನನಗೆ ಮೊಸರಿನ ಹೆಪ್ಪು ನೆನಪಾಯಿತು. ಹದ ಇದ್ದರೆ ತಾನೇ ಕೆಲಸ ಮಾಡುತ್ತೆ. ಯಾರಾದರೂ ಹೇಳದೆ ಕೇಳದೆ ಕುದಿಯುವ ನೀರನ್ನೋ ಖಾರದ ಔಷಧಿಯನ್ನೋ ಬಿಟ್ಟರೆ ಹೆಪ್ಪು ಸತ್ತಿತು.

"ಸತ್ರೆ?" ಅಂತ ಕೇಳಿದೆ.

ಜಸ್ಬೀರ್ ಹೇಳಿದ್ದು ಇಷ್ಟು. ಹೆಪ್ಪು ಮತ್ತೆ ಕೂಡುವವರೆಗೂ ಎಲ್ಲಾ ಮನೆಗಳೂ ಬಂದ್. ಹಳ್ಳದಲ್ಲಿ ಬಣ್ಣ ಕಂಡರೂ ಅಷ್ಟೇ, ಯಾರದು ಅಂತ ತಿಳಿಯುವವರೆಗೂ ಎಲ್ಲಾ ಮನೆಗಳೂ ಬಂದ್. ಅದು ಸರ್ಕಾರ ಹಾಕಿದ ನಿಯಮ ಅಲ್ಲ, ತೊಟ್ಟಿ ಕಟ್ಟುವಾಗ ಅವರವರೇ ಸೇರಿ ಮಾಡಿಕೊಂಡದ್ದು. ಅದಕ್ಕೇ ಹೊಸ ಬಣ್ಣ ಹಾಕುವ ಮುಂಚೆ ಅಕ್ಕಪಕ್ಕದವರಿಗೆ ಫೋನು ಮಾಡಿ ಹೇಳುತ್ತಾರೆ.

ನಮ್ಮ ಬೀದಿಯಲ್ಲಿ ಯಾರದು ಅಂತ ಗೊತ್ತಾಗದಿದ್ದರೆ ಎಲ್ಲರೂ ಉಳಿಯುತ್ತೇವೆ. ಇಲ್ಲಿ ಯಾರದು ಅಂತ ಗೊತ್ತಾಗದಿದ್ದರೆ ಎಲ್ಲರೂ ಮುಳುಗುತ್ತಾರೆ. ಇವರು ಜೀಪಿಗೆ ಹೆದರೋದಿಲ್ಲ, ಪಕ್ಕದ ಮನೆಗೆ ಹೆದರುತ್ತಾರೆ. ನನ್ನ ಮನೆಯ ಅನ್ನ ಓಬಣ್ಣನ ಕೈಯಲ್ಲಿ, ಓಬಣ್ಣನ ಅನ್ನ ನನ್ನ ಕೈಯಲ್ಲಿ. ಇಂಥದ್ದಕ್ಕೆ ಯಾವ ಮುಖ ಇಟ್ಟುಕೊಂಡು ಸಹಿ ಹಾಕೋದು?

ವಾಪಸ್ಸು ಬರುವಾಗ ಓಬಣ್ಣ ಬಸ್ಸಿನಲ್ಲಿ ಮೆಲ್ಲಗೆ ಹೇಳಿದ: "ಅಕ್ಕಾ, ನಮ್ಮ ಬೀದೀನಾಗೆ ಇದು ಆಗಾಕಿಲ್ಲ. ಊರಿಗೆ ಹೋಗಿ ಆಗಾಕಿಲ್ಲ ಅಂತ ಹೇಳಿಬಿಡಾನ."

"ಹ್ಞೂಂ ಕಣಪ್ಪ" ಅಂದೆ. ಎಲ್ಲರೂ ಒಟ್ಟಿಗೆ ಆಗೋದಿಲ್ಲ ಅಂದರೆ, ಅಪ್ಪನ ಕಾಲದ ಮಿಲ್ಲುಗಳ ಹಾಗೆ ನಮಗೂ ಬೀಗ ಬೀಳಲಾರದು ಅನ್ನಿಸಿತು. ಒಂದೇ ಮಾತಿಗೆ ಬಂದಿದ್ದೆವು, ಮಾಬುಸಾಬಿ ಹೇಳಿದಂತೆ.

ಕಾರ್ಲಾಳ ಅಂಗಳ

ಹೊರಡುವ ಮುಂಚಿನ ದಿನ ಕಾರ್ಲಾಳಿಗೆ ನಮ್ಮ ಕೈಕೆಲಸ ನೋಡುವ ಆಸೆ. ಅವರದೆಲ್ಲ ಮಷೀನು, ಶಾಖ ನೋಡಲು ಮೀಟರು. ನಾವು ಕೈಯದ್ದಿ ನೋಡುತ್ತೇವೆ ಅಂದದ್ದಕ್ಕೆ ಅವಳು ನಂಬಲಿಲ್ಲ. ಅಂಗಳದ ಪಕ್ಕದ ಶೆಡ್ಡಿನಲ್ಲಿ ಒಂದು ಒಲೆ ಹಚ್ಚಿಸಿ, ಸ್ಟೀಲಿನ ಬಕೀಟು ಇಟ್ಟು, ರೇಷ್ಮೆ ನೂಲಿನ ಒಂದು ಲಡಿ ಕೈಗೆ ಕೊಟ್ಟಳು. ಕೈಗವಸನ್ನೂ ಕೊಟ್ಟಳು, ರಬ್ಬರಿನದು. ನಾನು ಹಾಕಿಕೊಳ್ಳಲಿಲ್ಲ. ಗವಸು ಹಾಕಿಕೊಂಡರೆ ನೀರಿನ ಹದ ಕೈಗೆ ಹೇಗೆ ತಿಳಿಯಬೇಕು?

ನೇರಳೆ ಹಾಕಿದೆ. ಅವರ ಪುಡಿ ನಮ್ಮದಕ್ಕಿಂತ ಬಿರುಸು, ಅಳತೆ ತಪ್ಪಿತು. ಲಡಿ ಚೆನ್ನಾಗಿಯೇ ಬಂತು, ಜಂಬುನೇರಳೆ ಹಣ್ಣಿನ ಸಿಪ್ಪೆಯ ಹಾಗೆ, ಆದರೆ ಬಕೀಟಿನಲ್ಲಿ ಅರ್ಧಕ್ಕರ್ಧ ಬಣ್ಣ ಹಂಗೇ ಉಳಿಯಿತು. ಕಾರ್ಲಾ ಲಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಒಳಗೆ ಹೋದಳು, ಜಸ್ಬೀರೂ ಹಿಂದೆ ಹೋದಳು. ಮೊದಲ ಸಲ ಆ ಊರಿನಲ್ಲಿ ನನಗೆ ಹೆದರಿಕೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಗೇಟಿನೊಳಕ್ಕೆ ಒಂದು ಬಿಳಿ ವ್ಯಾನು ಬಂತು. ಅದರ ಬಾಗಿಲ ಮೇಲೆ ಏನೋ ದೊಡ್ಡ ಮುದ್ರೆ. ಇಳಿದವನ ಕೊರಳಲ್ಲಿ ಕಾರ್ಡು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಶೆಡ್ಡಿನ ಆಚೆ ಬದಿ ಗೇಟು ನೋಡುತ್ತಾ ನಿಂತಿದ್ದ ಓಬಣ್ಣ ಗೋಡೆಗೆ ಮೂರು ಸಲ ಗುದ್ದಿದ.

ಅವನು ಯೋಚನೆ ಮಾಡಿ ಗುದ್ದಿದ್ದಲ್ಲ. ನಾನೂ ಯೋಚನೆ ಮಾಡಿ ಎದ್ದದ್ದಲ್ಲ. ಗುದ್ದು ಕಿವಿಗೆ ಬಿತ್ತು, ಕೈ ಬಕೀಟಿಗೆ ಹೋಯಿತು. ಅಂಗಳದಲ್ಲಿ ಒಂದು ಕಬ್ಬಿಣದ ಜಾಲರಿ ಕಂಡಿತು. ಇಡೀ ಬಕೀಟು ಅದರೊಳಕ್ಕೆ ಸುರಿದೆ. ಒಲೆ ಆರಿಸಿದೆ. ಬಕೀಟು ಬೋರಲು ಹಾಕಿ ಅದರ ಪಕ್ಕ ಏನೂ ಅರಿಯದವಳ ಹಾಗೆ ಕೈಕಟ್ಟಿ ನಿಂತೆ. ಎಷ್ಟು ವರ್ಷದ ಅಭ್ಯಾಸ, ಒಂದು ತಪ್ಪಿಲ್ಲದೆ ನಡೆಯಿತು.

ವ್ಯಾನಿನವನು ಕಾಫಿ ಮಷೀನು ರಿಪೇರಿಗೆ ಬಂದಿದ್ದ. ನಮಗೆ ನಮಸ್ಕಾರದ ಥರ ತಲೆ ಆಡಿಸಿ ಒಳಗೆ ಹೋದ.

ನಾನು ಸುರಿದ ಜಾಲರಿ ಬಣ್ಣದ ನೀರಿನದಲ್ಲ, ಮಳೆನೀರಿನದು. ಅದರ ಕೊಳವೆ ತೊಟ್ಟಿಗೆ ಹೋಗೋದಿಲ್ಲ, ನೇರ ಹಳ್ಳಕ್ಕೆ.

ಹಳ್ಳ

ಓಬಣ್ಣ ಹಿಂದಿನ ಗೋಡೆಯಿಂದ ಬಗ್ಗಿ ನೋಡಿ ಬಂದ. "ಅಕ್ಕಾ, ಹಳ್ಳ ನೇರಳೆ ಆಗೈತೆ. ಕೆಳಗಿನ ಸೇತುವೆವರೆಗೂ ಹೋಗೈತೆ."

ಪೊಲೀಸರು, ಪಾಸ್‌ಪೋರ್ಟು, ಗೊತ್ತಿಲ್ಲದ ಭಾಷೆಯ ಜೈಲು, ಎಲ್ಲಾ ಒಟ್ಟಿಗೆ ಕಣ್ಣಮುಂದೆ ಬಂತು. ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ನಮಗೇನೂ ಗೊತ್ತಿಲ್ಲ ಅನ್ನು" ಅಂತ ಓಬಣ್ಣ ಪಿಸುಗುಟ್ಟಿದ. "ಇಷ್ಟು ಮನೆ ಅವೆ. ಯಾರದಂತ ಯಾರಿಗೆ ಗೊತ್ತಾಗ್ತೈತೆ? ಸುಮ್ಕಿರು."

ನಾನೂ ಅದೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾರ್ಲಾ ಹೊರಗೆ ಬಂದಳು. ಹಳ್ಳ ನೋಡಿದಳು, ಜಾಲರಿ ನೋಡಿದಳು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಫೋನು ತೆಗೆದಳು. ಒಬ್ಬರಾದ ಮೇಲೆ ಒಬ್ಬರಿಗೆ ಫೋನು, ಪ್ರತಿ ಫೋನಿಗೂ ಅವೇ ಎರಡು ಮಾತು. ಅವಳೇನು ಹೇಳುತ್ತಿದ್ದಾಳೆ ಅಂತ ಜಸ್ಬೀರನ್ನು ಕೇಳಿದೆ.

"ನನ್ನ ಮನೆಯಿಂದ ಹೋಯಿತು ಅಂತ ಹೇಳುತ್ತಿದ್ದಾಳೆ" ಅಂದಳು ಜಸ್ಬೀರ್. "ನನ್ನ ಮನೆ, ಕಾರ್ಲಾ ಅಂತ."

ಪೊಲೀಸರು ಬಂದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ. ಯಾರೂ ಕೇಳದೆ ತನ್ನ ಹೆಸರು ತಾನೇ ಹೇಳೋದು! ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತವರನ್ನು ಕಂಡಷ್ಟು ದಿಗಿಲಾಯಿತು.

ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರು ಬಂದರು. ಕೆಳಗಿನ ಮನೆಯ ಬೋಳುತಲೆಯವನು ಕಾರ್ಲಾಳ ಮುಖಕ್ಕೇ ಕೈ ಬೀಸುತ್ತಾ ಕೂಗಾಡಿದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೂಗಿ ಮುಗಿದ ಮೇಲೆ ಅವನೇ ತನ್ನ ಗಾಡಿಯಿಂದ ಮರಳಿನ ಚೀಲ ಇಳಿಸಿ, ಹಳ್ಳಕ್ಕೆ ಅಡ್ಡ ಹಾಕಲು ಮೊಣಕಾಲು ಮಟ್ಟ ನೀರಿಗೆ ಇಳಿದ. ತೊಟ್ಟಿಯ ಕಡೆಯ ಒಬ್ಬರು ಬಂದು ಶೀಸೆಯಲ್ಲಿ ನೀರು ತುಂಬಿಕೊಂಡರು. ಕಾರ್ಲಾಳ ಮನೆಯ ಕೆಲಸ ಆವತ್ತು ನಿಂತಿತು. ಉಳಿದವರ ಮನೆಯ ಮಷೀನಿನ ಸದ್ದು ಹಂಗೇ ಕೇಳುತ್ತಿತ್ತು.

ನಾನು ಓಬಣ್ಣನ ಮುಖ ನೋಡಿದೆ. ಬೇಡ ಅಂತ ಅವನು ಕಣ್ಣಲ್ಲೇ ಹೇಳಿದ. ಆದರೆ ಆ ಮುದುಕಿ ಬೈಸಿಕೊಳ್ಳುತ್ತಾ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಧೈರ್ಯ ಬಂದು ಅಲ್ಲ, ಹೆದರಿಕೆ ಹೊಟ್ಟೆಯಲ್ಲಿ ಹಿಡಿಸದೆ ಬಾಯಿಗೆ ಬಂತು. "ನಾನೇ ಚೆಲ್ಲಿದ್ದು ಅಂತ ಹೇಳವ್ವ" ಅಂದೆ ಜಸ್ಬೀರಿಗೆ, ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ.

ಓಬಣ್ಣ ಮುಂದೆ ಬಂದ. "ಗೋಡೆ ಗುದ್ದಿದ್ದು ನಾನು, ಅದನ್ನೂ ಹೇಳು" ಅಂದ.

ಕಾರ್ಲಾ ಬಂದು ನನ್ನ ಎರಡೂ ಕೈ ಹಿಡಿದು ಮೇಲಕ್ಕೆತ್ತಿದಳು. ಮಣಿಕಟ್ಟಿನವರೆಗೂ ನೇರಳೆ. ಗೊತ್ತು ಅಂದಳಂತೆ. ಆ ಅಂಗಳದಲ್ಲಿ ಬಣ್ಣದ ಕೈ ಇದ್ದದ್ದು ನನ್ನದೊಂದೇ, ಉಳಿದವರೆಲ್ಲ ರಬ್ಬರು ಗವಸಿನವರು. ನಮ್ಮ ಬೀದಿಯಲ್ಲಾದರೆ ಎಲ್ಲರ ಕೈಯೂ ಹಿಂಗೇ ಇರುತ್ತೆ, ಯಾರನ್ನಂತ ಹಿಡಿಯೋದು?

ಗೋಡೆ ಯಾಕೆ ಗುದ್ದಿದ್ದು ಅಂತ ಅವಳು ಕೇಳಿದಳು. ಜಸ್ಬೀರ್ ಮೂಲಕ ನಮ್ಮ ಗೋಡೆಯ ಕಥೆ ಹೇಳಿದೆವು. ಬೋಳುತಲೆಯವನು ನೀರಿನಲ್ಲೇ ನಿಂತು ಕೇಳಿಸಿಕೊಂಡ. ಕಾರ್ಲಾ ನಗಲಿಲ್ಲ, ಬಯ್ಯಲೂ ಇಲ್ಲ. ಹಿಂದೆ ಸಾಹೇಬರು ಬಂದರೆ ತಮ್ಮಲ್ಲೂ ಹೀಗೇ ಸೀಟಿ ಊದುತ್ತಿದ್ದರು ಅಂದಳು. ಆಮೇಲೆ ಮತ್ತೊಂದು ಮರಳಿನ ಚೀಲ ತರಲು ಹೋದಳು, ನಾವೂ ಹೋಗಿ ಹೊತ್ತೆವು.

ವಿಮಾನ ಏರಿದ ಮೇಲೆ ಓಬಣ್ಣ ನನ್ನ ಕಡೆ ತಿರುಗಿದ. "ಏನಂತ ಹೇಳಾನಕ್ಕಾ ಊರಿಗೆ ಹೋಗಿ" ಅಂತ ಕೇಳಿದ.

"ನಿಜ ಹೇಳ್ಲಾ? ನನಗೆ ನಿನ್ನ ಮ್ಯಾಲೆ ನಂಬಿಕೆ ಇಲ್ಲ ಓಬಣ್ಣ."

"ನಂಗೂ ನಿನ್ನ ಮ್ಯಾಲಿಲ್ಲ" ಅಂದ. "ಆ ಮುದುಕಿಗೂ ಆ ಬೋಳ್ತಲೆಯೋನ ಮ್ಯಾಲೆ ನಂಬಿಕೆ ಇದ್ದಂಗೆ ಕಾಣ್ಲಿಲ್ಲ ಬಿಡು."

ಮತ್ತೆ ನಮ್ಮ ಬೀದಿ

ಊರಿಗೆ ಬಂದು ಬ್ಯಾಗು ಇಳಿಸುವ ಮುಂಚೆಯೇ ಬೀದಿಯವರು ಸುತ್ತಿಕೊಂಡರು. ಆಗ್ತೈತಾ, ಆಗಾಕಿಲ್ವಾ? ಸಂಜೆ ಎಲ್ಲಾ ಸೇರಿದಾಗ ಹೇಳ್ತೀವಿ ಅಂತ ತಪ್ಪಿಸಿಕೊಂಡೆವು. ಏನು ಹೇಳಬೇಕು ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕೋಮೊದಲ್ಲಿ ಆಗಿದ್ದು ಕೋಮೊದಲ್ಲಿ. ಇಲ್ಲಿ ಬಾಯಿಬಿಟ್ಟ ಮನೆಗೆ ಮೊದಲು ಬೀಗ ಬಿದ್ದರೆ, ಉಳಿದವರು ಕದ ಹಾಕಿಕೊಂಡು ಕೂತರೆ, ನನ್ನ ನಾಲ್ಕು ಹೆಂಗಸರು ಎಲ್ಲಿಗೆ ಹೋಗಬೇಕು?

ಬಂದ ಬೆಳಿಗ್ಗೆಯೇ ತೊಟ್ಟಿ ತುಂಬ ನೇರಳೆ ಹಾಕಿದ್ದೆ, ನಿಂತುಹೋಗಿದ್ದ ಕೆಲಸ ಬೆಟ್ಟದಷ್ಟಿತ್ತು. ಲಡಿ ತಿರುಗಿಸುತ್ತಾ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಓಬಣ್ಣ. ಜಗಳ ಆದಮೇಲೆ ನಮ್ಮ ಹೊಸ್ತಿಲಿಗೆ ಬಂದವನೇ ಅಲ್ಲ.

"ಜೀಪು ಬರ್ತೈತಂತೆ ಅಕ್ಕಾ. ಹೋಟ್ಲಿಂದ ಫೋನು ಬಂತು."

ನಾನು ಗೋಡೆ ನೋಡಿದೆ. "ಗುದ್ದಲೇ ಇಲ್ವಲ್ಲಪ್ಪ ನೀನು."

"ಗುದ್ದಾಕೆ ಹೋದೆ. ಕೈ ಎತ್ತಿದ್ದೆ" ಅಂದ. "ನನ್ನ ತೊಟ್ಟಿ ತುಂಬ ಗುಲಾಬಿ ಐತೆ. ಚಿಂದಿ ಕಿತ್ತಿಲ್ಲ. ಕೇಳಿದ್ರೆ ನಂದೇ ಅಂತೀನಿ. ನಿನಗೆ ಹೇಳಿ ಹೋಗಾನ ಅಂತ ಬಂದೆ, ನೀನು ಏನಾದ್ರೂ ಮಾಡ್ಕೋ."

ನನ್ನ ಹೆಂಗಸರು ಎದ್ದು ನಿಂತಿದ್ದರು, ಒಬ್ಬಳ ಕೈ ಆಗಲೇ ಚಿಂದಿಯ ಮೇಲಿತ್ತು. ಕೀಳು ಅಂತ ನಾನು ತಲೆ ಆಡಿಸಿದರೆ ಸಾಕು, ಎಂದಿನಂತೆ ಎಲ್ಲಾ ಮೋರಿ ಪಾಲು. ಓಬಣ್ಣನೊಬ್ಬನೇ ಗುಲಾಬಿ ತೊಟ್ಟಿ ಇಟ್ಟುಕೊಂಡು ಸಿಕ್ಕಿಬೀಳುತ್ತಾನೆ, ಊರಾಚೆಯ ಆ ಒಂಟಿ ಮಿಲ್ಲಿನ ಹಾಗೆ. ನಾನು ಗುಂಪಿನ ನಡುವೆ ಉಳಿಯುತ್ತೇನೆ. ಅವ್ವ ಹೇಳಿದ್ದು ಅದೇ.

"ಬಿಡು, ಮುಟ್ಟಬೇಡ" ಅಂದೆ ಅವಳಿಗೆ.

ಮಾಬುಸಾಬಿಗೆ ತಿಳಿಸಬೇಕಿತ್ತು. ಅಭ್ಯಾಸಬಲ, ಆ ಕಡೆ ಗೋಡೆಗೆ ಹೋಗಿ ಮುಷ್ಟಿ ಎತ್ತಿದೆ. ಅಲ್ಲೇ ನಿಂತೆ. ಗುದ್ದಿದರೆ ಅವನು ಚಿಂದಿ ಕೀಳುತ್ತಾನೆ. ನಮ್ಮ ಬೀದಿಯಲ್ಲಿ ಗುದ್ದಿಗೆ ಇರೋದು ಅದೊಂದೇ ಅರ್ಥ. ಬೇರೆ ಏನಾದರೂ ಹೇಳಬೇಕಾದರೆ ನಡೆದುಕೊಂಡೇ ಹೋಗಬೇಕು.

ಬೀದಿಗೆ ಇಳಿದು ಅವನ ಬಾಗಿಲಿಗೆ ಹೋದೆ. ಓಬಣ್ಣ ಹಿಂದೆ ಬಂದ. ಮಾಬುಸಾಬಿ ಹಸಿರು ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಕೈಯಲ್ಲಿದ್ದ ಕೋಲು ಕೆಳಗಿಟ್ಟ.

"ಜೀಪು ಬರ್ತೈತೆ ಮಾಬಣ್ಣ" ಅಂದೆ. "ನಾವಿಬ್ಬರೂ ತೊಟ್ಟಿ ಖಾಲಿ ಮಾಡಿಲ್ಲ. ನಮ್ಮದೇ ಅಂತ ಹೇಳ್ತೀವಿ. ಸಹೀನೂ ಹಾಕ್ತೀವಿ."

"ಗೋಡೆ ಯಾಕೆ ಗುದ್ದಲಿಲ್ಲ ಅಕ್ಕಾ?"

"ಬಾಗಿಲಿಗೇ ಬಂದೀನಲ್ಲಪ್ಪ."

ಅವನ ಕೈ ಚಿಂದಿಯ ಮೇಲೆ ಹೋಯಿತು. ಅಲ್ಲೇ ಇತ್ತು. ಕ್ರಾಸಿನ ಕಡೆಯಿಂದ ಜೀಪಿನ ಸದ್ದು ಕೇಳಿಸತೊಡಗಿತು. "ಯಾ ಅಲ್ಲಾ, ಇವರಿಬ್ಬರೂ ಒಂದೇ ಮಾತು ಹೇಳ್ತಾವ್ರೆ" ಅಂತ ತನಗೆ ತಾನೇ ಅಂದುಕೊಂಡ. ಚಿಂದಿ ಬಿಟ್ಟು ಎದ್ದ. ಹಸಿರು ಕೈಯನ್ನು ಲುಂಗಿಗೆ ಒರೆಸಿದ.

ನಾಲ್ಕನೇ ಮನೆಯ ಗೋಡೆ ಹತ್ತಿರ ಹೋಗಿ ಅವನೂ ಮುಷ್ಟಿ ಎತ್ತಿದ. ಗೋಡೆಯನ್ನೇ ನೋಡುತ್ತಾ ನಿಂತ. ಆಮೇಲೆ ಕೈ ಇಳಿಸಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ನಮ್ಮನ್ನು ದಾಟಿ ಬೀದಿಗೆ ಇಳಿದು ಅವರ ಬಾಗಿಲ ಕಡೆ ನಡೆದ.